ನೀಲಮ್ಮ ಕಟ್ಟಿದ ಹಾಡು

2025ರ ಜೂನ್ 12, ಗುರುವಾರ. ಬೆಳಿಗ್ಗೆ 10.20ಕ್ಕೆ ಚಿತ್ರ ನಿರ್ದೇಶಕ ವಾಗೀಶ ಠಾಣೆಗೆ ಬಂದು ದೂರು ಕೊಟ್ಟರು. ಮೈಸೂರಿನ ಹೂಟಗಳ್ಳಿಯಲ್ಲಿರುವ ಅವರ ಸ್ಟುಡಿಯೋದಿಂದ ಎರಡು ಹಾರ್ಡ್ ಡಿಸ್ಕ್ ಕಳುವಾಗಿದ್ದವು. ಒಂದರಲ್ಲಿ ಒಂದು ಹಾಡಿನ ಮೂಲ ಧ್ವನಿಮುದ್ರಣ, ಇನ್ನೊಂದರಲ್ಲಿ ಅದರದೇ ನಕಲು. ಚಿತ್ರದ ಕೊನೆಯ ದೃಶ್ಯ ನಿಂತಿರುವುದೇ ಆ ಹಾಡಿನ ಮೇಲೆ, ಮೊದಲ ಪ್ರದರ್ಶನಕ್ಕೆ ಹದಿನಾರು ದಿನ ಉಳಿದಿದೆ ಎಂದರು. ಇನ್‌ಸ್ಪೆಕ್ಟರ್ ಪ್ರೇಮಲೀಲಾ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೇಬಲ್ ವೃಷಭೇಂದ್ರಪ್ಪನವರ ಜೊತೆ ಹೊರಟರು.

11.45ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಅದೇ ಬೀರುವಿನಲ್ಲಿದ್ದ ಕ್ಯಾಮೆರಾ, ಲೆನ್ಸ್‌ಗಳನ್ನು ಯಾರೂ ಮುಟ್ಟಿರಲಿಲ್ಲ. ಬೀಗದ ಕೈ ಇದ್ದದ್ದು ಮೂವರ ಹತ್ತಿರ: ವಾಗೀಶ, ಧ್ವನಿಮುದ್ರಣ ನೋಡಿಕೊಳ್ಳುವ ಅನನ್ಯ, ಲೈಟ್‌ಮನ್ ಚೆಲುವರಾಜು. ಚೆಲುವರಾಜು ಮಂಗಳವಾರದಿಂದ ಕೆಲಸಕ್ಕೆ ಬಂದಿರಲಿಲ್ಲ.

ಹಾಡಿದ್ದು ಯಾರೆಂದು ಪ್ರೇಮಲೀಲಾ ಕೇಳಿದರು.

“ನೀಲಮ್ಮ. ಚೆಲುವರಾಜು ಅವರ ಹೆಂಡ್ತಿ,” ಎಂದಳು ಅನನ್ಯ. “ಹೋದ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು.”

ಸೋಮವಾರ ಚಿತ್ರತಂಡಕ್ಕೆ ಕರಡು ಪ್ರತಿ ತೋರಿಸಿದ್ದರಂತೆ. ಕೊನೆಗೆ ಹೆಸರುಗಳು ಬಂದು ಹೋದ ಮೇಲೆ ಎಲ್ಲರೂ ಎದ್ದರೂ ಚೆಲುವರಾಜು ಎದ್ದಿರಲಿಲ್ಲ. ಹೆಸರುಗಳನ್ನು ಇನ್ನೊಮ್ಮೆ ತೋರಿಸುವಂತೆ ಅನನ್ಯಳನ್ನು ಕೇಳಿದ್ದರು. ಪ್ರೇಮಲೀಲಾ ಆ ಪಟ್ಟಿ ತರಿಸಿದರು. ಚಹಾ ತಂದುಕೊಟ್ಟವರ ಹೆಸರೂ ಇತ್ತು. ಹಾಡಿನ ಮುಂದೆ ‘ಜನಪದ’ ಎಂದಷ್ಟೇ ಇತ್ತು.

“ಇಂಥ ಹಾಡಿಗೆ ಕರ್ತೃ ಅಂತ ಇರಲ್ಲ ಮೇಡಂ. ಜನರ ಬಾಯಲ್ಲಿ ಬೆಳೆದು ಬಂದಿರುತ್ತೆ,” ಎಂದರು ವಾಗೀಶ.

ಪ್ರೇಮಲೀಲಾ ಪಟ್ಟಿಯ ಜೊತೆಗಿದ್ದ ಹಾಡಿನ ಹಾಳೆ ಓದಿದರು.

*ಸೈರನ್ನು ಕೂಗ್ತು, ಶಿಫ್ಟೂ ಮುಗೀತು,*
*ಗೇಟಲ್ಲಿ ನನ್ನೋನ ನೆರಳಿಲ್ಲ...*

“ಜನಪದದಲ್ಲಿ ಫ್ಯಾಕ್ಟರಿ ಸೈರನ್ ಯಾವಾಗಿಂದ ಕೂಗ್ತಿದೆ?”



ಮಧ್ಯಾಹ್ನ 3.10ಕ್ಕೆ ಜೀಪು ಕೆಸರೆಯ ಮನೆ ಮುಂದೆ ನಿಂತಿತು. ಐವತ್ತಾರರ ಚೆಲುವರಾಜು ಬಾಗಿಲು ತೆಗೆದು, ಕೇಳುವ ಮೊದಲೇ ಎರಡೂ ಡಿಸ್ಕ್ ತಂದು ಮುಂದಿಟ್ಟರು.

“ಯಾಕೆ ತಗೊಂಡ್ರಿ?”

“ಅವಳ ದನಿ ಇರೋದು ಅದ್ರಲ್ಲಿ ಮಾತ್ರ.”

“ಹಾಡು ಕೇಳಿದ್ರಾ?”

“ಇಲ್ಲ ಮೇಡಂ. ಎಂಗೆ ಕೇಳೋದು ಅಂತ ಗೊತ್ತಾಗ್ನಿಲ್ಲ.”

ಎರಡು ಕಂಪ್ಯೂಟರ್ ಅಂಗಡಿಗೆ ಹಿಡಿದುಕೊಂಡು ಹೋಗಿದ್ದರಂತೆ. ಎರಡೂ ಕಡೆ ಅದು ತೆರೆದುಕೊಂಡಿರಲಿಲ್ಲ.

ನಿಧಾನವಾಗಿ ಉಳಿದದ್ದನ್ನೂ ಹೇಳಿದರು. ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಅವರು ಪಾಳಿಯ ಕೆಲಸ ಮಾಡುತ್ತಿದ್ದಾಗ, ಗೇಟಿನ ಹೊರಗೆ ಕಾಯುತ್ತಾ ನೀಲಮ್ಮ ಕಟ್ಟಿಕೊಂಡ ಹಾಡು ಅದು. ಕಾರ್ಖಾನೆ ಮುಚ್ಚಿ ಅವರು ಸ್ಟುಡಿಯೋ ಸೇರಿದ ಮೇಲೂ ಪಾತ್ರೆ ತೊಳೆಯುವಾಗೆಲ್ಲ ಅದನ್ನೇ ಹಾಡುತ್ತಿದ್ದಳು. ಅವಳನ್ನು ಹಾಡಿಸಲು ಕರೆದೊಯ್ದದ್ದು ಅವರೇ. ದೊಡ್ಡ ಪರದೆಯ ಮೇಲೆ ಹೆಸರು ಬರುತ್ತದೆ ಎಂದು ವಾಗೀಶ ಮಾತು ಕೊಟ್ಟಿದ್ದರು. ಅವಳು ಹೋದ ಮೇಲೆ ಎಂಟು ತಿಂಗಳು ಆ ಹೆಸರಿಗಾಗಿ ಕಾದಿದ್ದರು. ಸೋಮವಾರ ಕೇಳಿದಾಗ, ಅದು ಜನಪದ, ಬಿಟ್ಟುಬಿಡಿ ಎಂಬ ಉತ್ತರ ಬಂದಿತ್ತು.

ಸಂಜೆ 5.00. ಡಿಸ್ಕಿನಲ್ಲಿ ಏನಿದೆ ಎಂಬುದನ್ನು ಜಪ್ತಿ ಪಂಚನಾಮೆಯಲ್ಲಿ ಬರೆಯಬೇಕಿತ್ತು. ಠಾಣೆಯಲ್ಲಿ ಇಬ್ಬರು ಪಂಚರ ಎದುರು ಅನನ್ಯ ಲ್ಯಾಪ್‌ಟಾಪ್ ತೆರೆದಳು. ವಾಗೀಶರೂ ಬಂದಿದ್ದರು. ಚೆಲುವರಾಜು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು.

ಮೊದಲು ಒಂದು ಕೆಮ್ಮು. ಆಮೇಲೆ ಹಾಡು. ಮೂರನೆಯ ಸಾಲಿಗೆ ನಿಂತುಹೋಯಿತು.

“ತಡೀರಿ ಸಾರ್, ಈ ಸಾಲು ಸರಿ ಬರ್ನಿಲ್ಲ. ನಾನು ಕಟ್ಟಿದ್ದು ನನಗೇ ಮರ್ತೋಯ್ತದೆ,” ಎಂದಿತು ನೀಲಮ್ಮನ ದನಿ. ಬಳಿಕ ಯಾರನ್ನೋ ಕರೆದಂತೆ: “ಏನ್ರೀ, ಎದುರಿಗೆ ನಿಂತ್ಕೋಬೇಡಿ. ನಗು ಬರ್ತದೆ.”

ಬೆಂಚಿನ ಮೇಲಿದ್ದ ಚೆಲುವರಾಜು ಒಂದಿಷ್ಟು ಪಕ್ಕಕ್ಕೆ ಸರಿದು ಕೂತರು.

ಹಾಡು ಮತ್ತೆ ಶುರುವಾಗಿ ಕೊನೆಯವರೆಗೂ ಹೋಯಿತು. ವಾಗೀಶ ತಲೆ ತಗ್ಗಿಸಿಕೊಂಡೇ, ದೂರು ಹಿಂದಕ್ಕೆ ಪಡೆಯಬಹುದೇ ಎಂದು ಕೇಳಿದರು. ಅದನ್ನು ನ್ಯಾಯಾಲಯದಲ್ಲಿ ಹೇಳಬೇಕು ಎಂದರು ಪ್ರೇಮಲೀಲಾ.

ಪಂಚನಾಮೆ ಬರೆಯುತ್ತಿದ್ದ ವೃಷಭೇಂದ್ರಪ್ಪ ಪೆನ್ನು ಎತ್ತಿದರು. “ಹಾಡಿನ ವಿವರ ಏನಂತ ಬರೀಲಿ ಮೇಡಂ?”

“ನೀಲಮ್ಮ ತಾವೇ ಕಟ್ಟಿ ಹಾಡಿದ್ದು. ಕೆಸರೆ, ಮೈಸೂರು.”

ಅದರ ಕೆಳಗೆ ಪಂಚರು ಸಹಿ ಮಾಡಿದರು. ಡಿಸ್ಕುಗಳನ್ನು ಗುರುತಿಸಿದವರ ಜಾಗದಲ್ಲಿ ವಾಗೀಶ ಸಹಿ ಮಾಡಿದರು. ಚಿತ್ರದ ಪಟ್ಟಿಯಲ್ಲೂ ಹೀಗೇ ಹಾಕುತ್ತೇನೆ ಎಂದು ಅವರು ಹೇಳಿದ್ದು ಯಾರಿಗೆಂದು ತಿಳಿಯಲಿಲ್ಲ.

ಡಿಸ್ಕುಗಳಿಗೆ ಅರಗಿನ ಮೊಹರು ಬಿತ್ತು. ಹಾಡು ಇನ್ನೊಂದು ಸಲ ಹಾಕುತ್ತೀರಾ ಎಂದು ಚೆಲುವರಾಜು ಕೇಳಿದರು. ಈಗ ಆಗುವುದಿಲ್ಲ, ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಪ್ರತಿ ಸಿಗಬಹುದು ಎಂದರು ಪ್ರೇಮಲೀಲಾ. ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದಳು ಅನನ್ಯ.

6.15ಕ್ಕೆ, ಕೆಲಸಗಾರನಿಂದ ಕಳವು ಎಂಬ ಆರೋಪದ ಮೇಲೆ ಚೆಲುವರಾಜು ಅವರನ್ನು ದಸ್ತಗಿರಿ ಮಾಡಲಾಯಿತು. ಕಾರಣ ಕೇಳಿದಾಗ ಅವರು ಹೇಳಿದ್ದನ್ನು ಪ್ರೇಮಲೀಲಾ ಒಂದಕ್ಷರ ಬದಲಿಸದೆ ಹೇಳಿಕೆಯಲ್ಲಿ ಬರೆಸಿದರು: “ಹೆಸ್ರು ಬಂದಿದ್ರೆ ನಾನು ಮುಟ್ತಾ ಇರ್ಲಿಲ್ಲ. ಹೆಸ್ರೇ ಇಲ್ಲ ಅಂದ್ಮೇಲೆ, ದನೀನಾದ್ರೂ ಮನೆಗೆ ಕರ್ಕೊಂಡೋಗಣ ಅನ್ನಿಸ್ತು.”