ಗ್ಯಾರೇಜಿನ ಬಾಗಿಲು ತೆರೆದವರು ಯಾರು?

ಗ್ಯಾರೇಜಿನ ಬಾಗಿಲು ಮತ್ತೆ ತೆರೆದಿತ್ತು.

ಕೊರಿನ್ ಡೈಕ್‌ಹೌಸ್ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿಬಿಟ್ಟಳು. ಮಂಗಳವಾರ, ಮಧ್ಯಾಹ್ನ ಮೂರೂ ಐವತ್ತು. ಹಾರ್ಲನ್‌ವಿಲ್‌ನ ಫೆಬ್ರವರಿ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಆ ಬೆಳಕಿನಲ್ಲಿ ಗ್ಯಾರೇಜಿನ ಒಳಗೆಲ್ಲ ಕಾಣುತ್ತಿತ್ತು: ಮಗಳು ಮೇಬಲ್‌ಳ ಜಾರುಬಂಡಿ, ಹಿಮ ತೆಗೆಯುವ ಸಲಿಕೆ, ಅದರಾಚೆ ಹಾರುಹೊಡೆದಿದ್ದ ಅಡುಗೆಮನೆ ಬಾಗಿಲು.

ಬೆಳಿಗ್ಗೆ ಅವಳೇ ಮುಚ್ಚಿದ್ದಳು. ಕಾರಿನ ಕನ್ನಡಿಯ ಕೆಳಗಿನ ಗುಂಡಿ ಒತ್ತಿ, ಬಾಗಿಲು ಇಳಿದು ನೆಲ ಮುಟ್ಟುವವರೆಗೂ ಕಾದು, ಬಾಯಿಬಿಟ್ಟು ಹೇಳಿಕೊಂಡಿದ್ದಳು: "ಮುಚ್ಚಿದೆ. ನಾನೇ ನೋಡಿದೆ. ಮುಚ್ಚಿದೆ."

ಮೂರು ವಾರದಲ್ಲಿ ಇದು ಮೂರನೇ ಸಲ. ಒಳಗೆ ಹೋಗುವ ಧೈರ್ಯ ಬರಲಿಲ್ಲ. ಫೋನು ಎತ್ತಿಕೊಂಡು ಊರಿನ ಪೊಲೀಸ್ ಪತ್ತೇದಾರಿಣಿ ಡೆಲ್ಲಾ ವ್ರೀಸ್‌ಮನ್‌ಗೆ ಕರೆ ಮಾಡಿದಳು.

"ಒಳಗೆ ಹೋಗ್ಬೇಡಿ," ಎಂದಳು ಡೆಲ್ಲಾ. "ಮಗು ಎಲ್ಲಿ?"

"ಅಜ್ಜಿ ಮನೇಲಿ. ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಅಲ್ಲೇ ಇರ್ತಾಳೆ."

"ಸರಿ. ಕಾರಿನ ಬಾಗಿಲು ಹಾಕ್ಕೊಂಡು ಕೂತಿರಿ. ಬಂದೆ."

ಕಾಯುವ ಹತ್ತು ನಿಮಿಷ ಕೊರಿನ್ ತನ್ನ ಮನೆಯನ್ನೇ ನೋಡುತ್ತ ಕುಳಿತಳು. ಕಿಟಕಿಯ ಪರದೆ ಅಲುಗಿದಂತಾಯಿತು. ಗಾಳಿಯೇ? ಒಳಗೆ ಇನ್ನೂ ಯಾರಾದರೂ ಇದ್ದಾರೆಯೇ? ಶುಕ್ರವಾರ ಕೋರ್ಟಿನಲ್ಲಿ ತೀರ್ಪು. ಆರು ವರ್ಷದ ಮೇಬಲ್ ತಾಯಿಯ ಹತ್ತಿರ ಇರಬೇಕೋ, ನಾರ್ತ್ ಡಕೋಟದ ಎಣ್ಣೆ ಬಾವಿಗಳಲ್ಲಿ ದುಡಿಯುವ ತಂದೆ ಗ್ರಾಂಟ್‌ನ ಪಾಲಿಗೆ ಹೋಗಬೇಕೋ ಎಂಬುದು ಅಂದು ಇತ್ಯರ್ಥವಾಗಬೇಕು. ಮೊದಲ ಸಲ ಬಾಗಿಲು ಮಾತ್ರ ತೆರೆದಿತ್ತು. ಎರಡನೇ ಸಲ ಅಡುಗೆಮನೆ ಮೇಜಿನ ಮೇಲೆ ಅರ್ಧ ಖಾಲಿಯಾದ ವೈನ್ ಬಾಟಲಿ, ಪಕ್ಕದಲ್ಲಿ ಒಂದೇ ಲೋಟ. ಎರಡು ದಿನಕ್ಕೆ ಅದರ ಫೋಟೋ ಮಕ್ಕಳ ಕ್ಷೇಮ ನೋಡುವ ಕಚೇರಿಗೆ ತಲುಪಿತ್ತು. ಕಳಿಸಿದವರ ಹೆಸರಿರಲಿಲ್ಲ.

ಡೆಲ್ಲಾ ಬಂದಳು. ಐವತ್ತು ದಾಟಿದ, ದಪ್ಪ ಬೂಟಿನ, ಮಾತು ಕಡಿಮೆಯ ಹೆಂಗಸು. ಪಿಸ್ತೂಲಿನ ಮೇಲೆ ಕೈಯಿಟ್ಟು ಒಳಗೆ ಹೋದವಳು ಐದು ನಿಮಿಷಕ್ಕೆ ಹೊರಬಂದು ಕೈಬೀಸಿ ಕರೆದಳು.

"ಯಾರೂ ಇಲ್ಲ. ಆದ್ರೆ ಮಗಳ ಕೋಣೆ ನೋಡ್ಬೇಕು ನೀವು. ಮುಟ್ಟಬೇಡಿ."

ಮೇಬಲ್‌ಳ ದಿಂಬಿನ ಮೇಲೆ ಮೂರು ಬಿಳಿ ಮಾತ್ರೆಗಳಿದ್ದವು, ಸಾಲಾಗಿ. ಪಕ್ಕದಲ್ಲಿ ಕೊರಿನ್‌ಳ ನಿದ್ದೆ ಮಾತ್ರೆಯ ಡಬ್ಬಿ, ಮುಚ್ಚಳ ತೆಗೆದಿತ್ತು.

ಕೊರಿನ್ ಗೋಡೆ ಹಿಡಿದು ಕೆಳಗೆ ಕುಸಿದಳು. "ಅವಳು ಮಿಠಾಯಿ ಅಂತ ಬಾಯಿಗೆ ಹಾಕ್ಕೊಂಡಿದ್ರೆ... ಡೆಲ್ಲಾ, ಅವಳು ಬಾಯಿಗೆ ಹಾಕ್ಕೊಂಡಿದ್ರೆ?"

"ಹಾಕ್ಕೊಂಡಿಲ್ಲ," ಎಂದಳು ಡೆಲ್ಲಾ. "ಎದ್ದೇಳಿ. ಕಾಫಿ ಕಾಯಿಸಿ. ಕೆಲವು ಪ್ರಶ್ನೆ ಇದೆ."

ಅಡುಗೆಮನೆ ಹೊರಗಿನಷ್ಟೇ ಕೊರೆಯುತ್ತಿತ್ತು. ಡೆಲ್ಲಾ ಕೋಟು ತೆಗೆಯದೆ ಕುಳಿತಳು.

"ಮುಂಬಾಗಿಲ ಬೀಗ?"

"ಹೊಸದು. ಎರಡು. ಹಾಕಿದ್ದು ಹಾಗೇ ಇದೆ."

"ಇಲ್ಲಿಂದ ಗ್ಯಾರೇಜಿಗೆ ಹೋಗೋ ಈ ಬಾಗಿಲು?"

ಕೊರಿನ್ ಪಿಳಿಪಿಳಿ ಕಣ್ಣು ಬಿಟ್ಟಳು. "ಅದಕ್ಕೆ ಯಾರು ಬೀಗ ಹಾಕ್ತಾರೆ?"

ಡೆಲ್ಲಾ ನಿಟ್ಟುಸಿರಿಟ್ಟಳು. ಆ ಬೀದಿಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಡೆಲ್ಲಾಳೂ ತನ್ನ ಮನೆಯಲ್ಲಿ ಹಾಕುತ್ತಿರಲಿಲ್ಲ. ಮುಂಬಾಗಿಲಿಗೆ ಎರಡೆರಡು ಬೀಗ ಜಡಿದು, ಗ್ಯಾರೇಜಿನಿಂದ ಒಳಬರುವ ಬಾಗಿಲನ್ನು ಹಾಗೇ ಬಿಡುವುದು ಅಲ್ಲಿಯವರ ರೂಢಿ. ಗ್ಯಾರೇಜು ಮುಚ್ಚಿದರೆ ಮನೆ ಮುಚ್ಚಿದಂತೆ ಎಂಬುದು ಅವರ ಲೆಕ್ಕ.

"ಹೋದ ವಾರ ನಾನೇ ಏಣಿ ಹತ್ತಿ, ಗ್ಯಾರೇಜಿನ ಮೋಟಾರಿನ ನೆನಪೆಲ್ಲ ಅಳಿಸಿದೆ. ಹಳೇ ರಿಮೋಟು, ಗೋಡೆ ಮೇಲೆ ಒತ್ತೋ ರಹಸ್ಯ ಸಂಖ್ಯೆ, ಎಲ್ಲ ಹೋಯ್ತು. ಆಮೇಲೆ ನಿಮ್ಮ ಕಾರಿನ ಕನ್ನಡಿ ಗುಂಡಿ ಒಂದಕ್ಕೇ ಪಾಠ ಹೇಳಿಕೊಟ್ಟೆ. ಹೌದಾ?"

"ಹೌದು."

"ಅಂದ್ರೆ ಈ ಬಾಗಿಲು ತೆರೆಯೋಕೆ ಈ ಭೂಮಿ ಮೇಲೆ ಇರೋದು ಒಂದೇ ಗುಂಡಿ. ಅದು ನಿಮ್ಮ ಕಾರಲ್ಲಿದೆ. ನಿಮ್ಮ ಕಾರು ಎಲ್ಲಿತ್ತು?"

"ಕಾರ್ಖಾನೆ ಅಂಗಳದಲ್ಲಿ! ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಏಳರಿಂದ ಮೂರೂ ಇಪ್ಪತ್ತರವರೆಗೆ ನಾನು ಚೆರ್ರಿ ಕಡುಬು ಮಾಡೋ ಸಾಲಲ್ಲಿ ಕೆಲಸಕ್ಕೆ ನಿಂತಿದ್ದೆ."

"ಗ್ರಾಂಟ್?"

"ನೀವೇ ವಿಚಾರಿಸಿದ್ರಲ್ಲ. ಎರಡು ವಾರದಿಂದ ಬಾವಿ ಬಿಟ್ಟು ಕದಲಿಲ್ಲ."

ಅಷ್ಟರಲ್ಲಿ ಗ್ಯಾರೇಜಿನಲ್ಲಿ ಹೆಜ್ಜೆ ಸಪ್ಪಳ. ಕೊರಿನ್ ಚೀರಿದಳು. ಡೆಲ್ಲಾ ಎದ್ದು ನಿಂತಳು. ಬಾಗಿಲಲ್ಲಿ ಕಾಣಿಸಿಕೊಂಡವನು ಎದುರುಮನೆಯ ಮುದುಕ ಆರ್ವಿಲ್ ಪೆಲ್ಕಿ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು.

"ಕೂಗ್ಬೇಡವೇ ತಾಯಿ, ಹೆಣ ಬೀಳಿಸಿಬಿಡ್ತೀಯ ನನ್ನ! ಪೊಲೀಸ್ ಕಾರು ಕಾಣ್ತು, ಬಂದೆ. ಮತ್ತೆ ಬಾಗಿಲು ತೆರೆದಿತ್ತಾ?"

"ಯಾರಾದ್ರೂ ಬಂದಿದ್ದು ನೋಡಿದ್ರಾ?" ಕೇಳಿದಳು ಡೆಲ್ಲಾ.

"ಯಾರೂ ಬರ್ಲಿಲ್ಲ. ಇವಳೇ ಬಂದಿದ್ಲಲ್ಲ, ಊಟಕ್ಕೆ."

ಡೆಲ್ಲಾ ಕೊರಿನ್‌ಳ ಕಡೆ ತಿರುಗಿದಳು.

"ನಾನು ಬಂದಿಲ್ಲ, ಆರ್ವಿಲ್," ಎಂದಳು ಕೊರಿನ್ ಮೆಲ್ಲಗೆ.

"ಹನ್ನೊಂದೂ ಮುಕ್ಕಾಲು! ಕೈ ಬೀಸಿದೆ, ತಿರುಗಿಯೂ ನೋಡ್ಲಿಲ್ಲ ನೀನು. ದೊಡ್ಡಸ್ತಿಕೆ ಬಂತೇನೋ ಅಂದ್ಕೊಂಡೆ. ನನ್ನ ಬಾಗಿಲ ಕ್ಯಾಮರಾದಲ್ಲಿ ಇರುತ್ತೆ, ಬೇಕಾದ್ರೆ ನೋಡ್ಕೊಳ್ಳಿ."

ನೋಡಿದರು. ಆರ್ವಿಲ್‌ನ ಫೋನಿನ ಪುಟ್ಟ ಪರದೆಯಲ್ಲಿ ಕೊರಿನ್‌ಳ ಬೂದು ಕಾರು ಬಂತು. ಅದೇ ನಂಬರು. ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಕಾರು ಒಳಹೋಯಿತು. ಹನ್ನೆರಡಕ್ಕೆ ಹಿಮ್ಮುಖವಾಗಿ ಹೊರಬಂತು. ಬಾಗಿಲು ತೆರೆದೇ ಉಳಿಯಿತು. ಗಾಜಿನ ಹಿಂದೆ ಒಂದು ಟೋಪಿ, ಕುತ್ತಿಗೆಗೆ ಸುತ್ತಿದ ವಸ್ತ್ರ. ಮುಖವಿಲ್ಲ.

ಆರ್ವಿಲ್‌ನನ್ನು ಕಳಿಸಿ ಬಂದ ಡೆಲ್ಲಾಳ ನೋಟ ಬದಲಾಗಿತ್ತು. ಕೊರಿನ್ ಅದನ್ನು ಗಮನಿಸಿದಳು.

"ಸಾಲಲ್ಲಿ ಎಲ್ಲರೂ ಬಿಳಿ ಕೋಟು, ಮುಖಕ್ಕೆ ಬಟ್ಟೆ ಹಾಕ್ಕೊಂಡಿರ್ತೀರ ಅಲ್ವಾ?" ಕೇಳಿದಳು ಡೆಲ್ಲಾ. "ಒಬ್ಬರು ಒಂದು ಗಂಟೆ ಮಾಯವಾದ್ರೆ ಗೊತ್ತಾಗುತ್ತಾ?"

"ನಾನೇ ಮಾಡಿದೆ ಅಂತೀರಾ? ನನ್ನ ಮಗಳ ದಿಂಬಿನ ಮೇಲೆ ನಾನೇ ಮಾತ್ರೆ ಇಟ್ಟೆ ಅಂತೀರಾ?"

"ನಾನು ಅನ್ನಲ್ಲ. ಶುಕ್ರವಾರ ವಕೀಲರು ಅಂತಾರೆ."

ಕೊರಿನ್ ತಲೆ ಹಿಡಿದುಕೊಂಡಳು. ಮೂರು ವಾರದಿಂದ ಒಳಗೊಳಗೇ ಕಾಡುತ್ತಿದ್ದ ಭಯ ಈಗ ಎದುರಿಗೇ ಬಂದು ನಿಂತಿತು. ರಾತ್ರಿ ಮಾತ್ರೆ ನುಂಗುತ್ತಿದ್ದುದು ನಿಜ. ಕೆಲವು ಬೆಳಗುಗಳು ಮಂಪರಿನಲ್ಲೇ ಕಳೆಯುತ್ತಿದ್ದುದೂ ನಿಜ. ತಾನೇ ಬಂದು, ತಾನೇ ಇಟ್ಟು, ತಾನೇ ಮರೆತಿದ್ದರೆ? ಅಂಥ ತಾಯಿಯ ಹತ್ತಿರ ಮಗು ಇರಬಾರದಲ್ಲವೇ?

"ಕಾರ್ಖಾನೆಯಿಂದ ನೀವು ಯಾರಿಗಾದ್ರೂ ಫೋನ್ ಮಾಡಿದ್ರಾ? ಮಧ್ಯಾಹ್ನ?"

"ಸಾಲಿಗೆ ಫೋನು ತಗೊಂಡು ಹೋಗೋ ಹಾಗಿಲ್ಲ. ಕಾರಲ್ಲೇ ಬಿಟ್ಟು ಹೋಗ್ತೀನಿ, ಆ ಚಾರ್ಜಿಂಗ್ ತಟ್ಟೆ ಮೇಲೆ. ಅದೊಂದು ಒಳ್ಳೇದು ಈ ಕಾರಲ್ಲಿ. ತಂತಿ ಗಿಂತಿ ಏನೂ ಬೇಡ, ಇಟ್ರೆ ಸಾಕು. ಬೆಳಿಗ್ಗೆ ಮೇಬಲ್ ಗೊಂಬೆ ಆಟ ನೋಡಿ ನೋಡಿ ಹತ್ತೊಂಬತ್ತು ಪರ್ಸೆಂಟಿಗೆ ತಂದಿದ್ಲು. ವಾಪಸ್ ಬಂದಾಗ ಅರವತ್ತು ದಾಟಿತ್ತು."

ಡೆಲ್ಲಾ ಕಾಫಿ ಲೋಟವನ್ನು ಕೆಳಗಿಟ್ಟಳು.

"ಇನ್ನೊಂದು ಸಲ ಹೇಳಿ."

"ಅರವತ್ತು ದಾಟಿತ್ತು..."

"ದಿನಾ ಹಾಗೇ ಇರುತ್ತಾ?"

"ಇಲ್ಲ. ಎಷ್ಟೋ ದಿನ ಇಟ್ಟಾಗ ಇದ್ದದ್ದಕ್ಕಿಂತ ಕಡಿಮೆ ಇರುತ್ತೆ. ಮುಟ್ಟಿದ್ರೆ ಮಂಜುಗಡ್ಡೆ. ಥಂಡಿಗೆ ಹಾಗಾಗುತ್ತೆ ಅಂತ ಸುಮ್ಮನಿದ್ದೆ."

"ಅರವತ್ತು ದಾಟಿದ ದಿನಗಳು ಯಾವುವು?"

ಕೊರಿನ್ ಯೋಚಿಸಿದಳು. "ಹೋದ ತಿಂಗಳ ಕೊನೇ ಗುರುವಾರ. ಆಮೇಲೆ ವೈನ್ ಬಾಟಲಿ ಸಿಕ್ತಲ್ಲ, ಆ ಮಂಗಳವಾರ. ಮತ್ತೆ ಇವತ್ತು."

"ಕೊರಿನ್," ಎಂದಳು ಡೆಲ್ಲಾ, ಮೊದಲ ಸಲ ದನಿ ಮೃದುವಾಗಿ, "ನಿಮಗೆ ಹುಚ್ಚು ಹಿಡಿದಿಲ್ಲ. ಕಾರು ಆಫ್ ಆಗಿದ್ರೆ ಆ ತಟ್ಟೆ ಬರೀ ಪ್ಲಾಸ್ಟಿಕ್ಕು. ಎಂಟು ಗಂಟೆ ಈ ಚಳಿಯಲ್ಲಿ ನಿಂತ ಕಾರಲ್ಲಿ ಫೋನು ಹೆಣದ ಹಾಗೆ ತಣ್ಣಗಿರ್ಬೇಕು, ಚಾರ್ಜು ಇಳಿದಿರ್ಬೇಕು. ನಿಮ್ಮ ಬೆಳಗಿನ ಇಪ್ಪತ್ತು ನಿಮಿಷದ ದಾರಿಗೆ ಎಷ್ಟು ಏರುತ್ತೆ? ಹತ್ತು ಪರ್ಸೆಂಟು. ಉಳಿದದ್ದು ಏರೋಕೆ ಎಂಜಿನ್ನು ಒಂದು ಗಂಟೆಗೂ ಹೆಚ್ಚು ಓಡಿರ್ಬೇಕು. ನೀವು ಸಾಲಲ್ಲೇ ನಿಂತಿದ್ರಿ. ನಿಮ್ಮ ಕಾರು ನಿಂತಿರ್ಲಿಲ್ಲ."

"ಕಾರನ್ನ ತಗೊಂಡು ಹೋದವರು—"

"ಫೋನನ್ನೂ ತಗೊಂಡು ಹೋಗಿದ್ದಾರೆ. ಕೊಡಿ ಇಲ್ಲಿ. ತಾನು ಎಲ್ಲೆಲ್ಲಿ ಹೋಗಿದ್ದೆ ಅಂತ ಅದು ಬರೆದಿಟ್ಕೊಂಡಿರುತ್ತೆ. ನೀವು ಯಾವತ್ತೂ ತೆಗೆದು ನೋಡಿಲ್ಲ ಅಷ್ಟೆ."

ಕೊರಿನ್‌ಗೆ ಅದನ್ನು ನೋಡುವ ಅಗತ್ಯವೇ ಬಂದಿರಲಿಲ್ಲ. ತನ್ನ ಫೋನು ಎಲ್ಲಿತ್ತೆಂದು ತನಗೆ ಗೊತ್ತಿಲ್ಲವೇ? ಡೆಲ್ಲಾ ನಕಾಶೆ ತೆರೆದಳು. ನೀಲಿ ಗೆರೆ ಹನ್ನೊಂದೂ ಇಪ್ಪತ್ತೈದಕ್ಕೆ ಕಾರ್ಖಾನೆಯ ಅಂಗಳದಿಂದ ಹೊರಟು ಮನೆಗೆ ಬಂದಿತ್ತು. ಮನೆಯಿಂದ ಹೊರಟು ನೇರವಾಗಿ ಕಾರ್ಖಾನೆಗೆ ಹೋಗಿರಲಿಲ್ಲ. ನಡುವೆ ಒಂದು ಕಡೆ ನಿಂತಿತ್ತು. ಹನ್ನೆರಡೂ ಹತ್ತರಿಂದ ಹನ್ನೆರಡೂ ನಲವತ್ತರವರೆಗೆ.

ಕೊರಿನ್ ಬಗ್ಗಿ ನೋಡಿದಳು.

"ಅದು ಮೇಬಲ್ ಶಾಲೆ. ಆಟದ ಬಯಲಿನ ಬೇಲಿ. ಅದು ಅವರ ಆಟದ ಹೊತ್ತು, ಡೆಲ್ಲಾ! ಯಾರೋ ನನ್ನ ಕಾರಲ್ಲಿ ಕೂತು ನನ್ನ ಮಗಳನ್ನ ನೋಡ್ತಿದ್ರು!"

ಅವಳು ಬಾಗಿಲಿಗೆ ಓಡಿದಳು. ಡೆಲ್ಲಾ ತೋಳು ಹಿಡಿದಳು.

"ಒಂದೇ ಪ್ರಶ್ನೆ. ಮನೆ ಬೀಗದ ಕೈ ಯಾರ ಹತ್ರ ಇದೆ ಅಂತ ಹತ್ತು ಸಲ ಕೇಳಿದೆ. ಕಾರಿನದು ಕೇಳಲೇ ಇಲ್ಲ, ತಪ್ಪು ನಂದು. ಕಾರಿಗೆ ಎರಡನೇ ಕೀ ಇರುತ್ತೆ. ಅದು ಎಲ್ಲಿದೆ?"

"ಅದಾ? ಅದು ಅಮ್ಮನ ಹತ್ರ. ಹಿಮದಲ್ಲಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಇರ್ಲಿ ಅಂತ..."

ಮಾತು ಅಲ್ಲೇ ನಿಂತಿತು.

ಅವಳು ಅಮ್ಮ ಎಂದು ಕರೆಯುತ್ತಿದ್ದುದು ವರ್ನಾಳನ್ನು—ಗ್ರಾಂಟ್‌ನ ತಾಯಿಯನ್ನು. ವಿಚ್ಛೇದನವಾದ ಮೇಲೂ ಸೊಸೆಯ ಕೈ ಬಿಡದ ಹೆಂಗಸು. ಪ್ರತಿ ಭಾನುವಾರ ಆಲೂಗಡ್ಡೆ ಚೀಸಿನ ಬಿಸಿ ತಿನಿಸು ತಂದುಕೊಡುತ್ತಿದ್ದವಳು. "ಕೊರಿನ್ ಒಳ್ಳೆಯ ತಾಯಿ" ಎಂದು ಕೋರ್ಟಿಗೆ ಸ್ವಂತ ಮಗನ ವಿರುದ್ಧ ಪತ್ರ ಬರೆದುಕೊಟ್ಟವಳು.

"ಇಲ್ಲ," ಎಂದಳು ಕೊರಿನ್. "ಸಾಧ್ಯವೇ ಇಲ್ಲ. ಅವರಿಗೆ ಅದರಿಂದ ಏನು ಲಾಭ? ಗ್ರಾಂಟ್‌ಗೆ ಮಗು ಸಿಕ್ಕಿದ್ರೆ ಅವನು ಎಣ್ಣೆ ಬಾವಿಯಲ್ಲಿ..."

"ತಿಂಗಳಲ್ಲಿ ಮೂರು ವಾರ ಬಾವಿಯಲ್ಲಿ. ಮಗು ಯಾರ ಹತ್ರ ಇರುತ್ತೆ?" ಡೆಲ್ಲಾ ಕೇಳಿದಳು. "ಮತ್ತೆ ನೀವು ಗೆದ್ರೆ? ಏನು ಮಾಡೋದಿತ್ತು?"

"ಆರೆಗಾನ್‌ಗೆ, ತಂಗಿ ಊರಿಗೆ... ಕ್ರಿಸ್‌ಮಸ್ ದಿನ ಹೇಳಿದೆ ಅವರಿಗೆ. 'ಹೋಗು ಮಗಳೇ, ಸುಖವಾಗಿರು' ಅಂದ್ರು. ತಬ್ಕೊಂಡ್ರು."

"ಮಂಗಳವಾರ, ಗುರುವಾರ ಬಿಟ್ಟು ಬೇರೆ ದಿನ ಒಂದ್ಸಲವೂ ಆಗ್ಲಿಲ್ಲ, ಗಮನಿಸಿದ್ರಾ? ಮಾತ್ರೆ ಇಟ್ಟವರಿಗೆ ಗೊತ್ತಿತ್ತು, ಇವತ್ತು ನಿಮಗಿಂತ ಮುಂಚೆ ಮಗು ಮನೆಗೆ ಬರಲ್ಲ ಅಂತ. ಅದು ಗೊತ್ತಿರೋದು ಮಗು ಯಾರ ಮನೇಲಿರುತ್ತೋ ಅವರಿಗೆ. ನಿಮ್ಮನ್ನ ಹೆದರಿಸೋದು ಬೇಕಿತ್ತು, ಮಗುವಿಗೆ ಕೂದಲು ಕೊಂಕಬಾರದಿತ್ತು. ವರ್ನಾ ಡೈಕ್‌ಹೌಸ್, ಕೊರಿನ್. ಬೇರೆ ಯಾರೂ ಅಲ್ಲ."

"ಮೇಬಲ್ ಈಗ ಅವರ ಹತ್ರ ಇದಾಳೆ."

"ನಡೀರಿ," ಎಂದಳು ಡೆಲ್ಲಾ.

ನಾಲ್ಕು ಮೈಲಿ ದಾರಿ. ಕೊರಿನ್ ಮತ್ತೆ ಮತ್ತೆ ಕರೆ ಮಾಡಿದಳು. ವರ್ನಾ ಎತ್ತಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಕಾರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೊರಟುಬಿಟ್ಟಿದ್ದರೆ? ಕೆನಡಾ ಗಡಿ ಮೂರೇ ಗಂಟೆ ದೂರ.

ವರ್ನಾಳ ಮನೆಯ ಮುಂದೆ ಹಳೆಯ ನೀಲಿ ಕಾರು ನಿಂತಿತ್ತು. ಬಾಗಿಲು ತೆರೆದದ್ದು ಮೇಬಲ್. ತುಟಿಯ ಸುತ್ತ ಟೊಮೇಟೊ ಸಾರು.

"ಅಮ್ಮಾ! ಇವತ್ತು ಬೇಗ ಬಂದ್ಬಿಟ್ಟೆ!"

ಕೊರಿನ್ ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹಿಂದೆ ಅಡುಗೆಮನೆಯಲ್ಲಿ ವರ್ನಾ ನಿಂತಿದ್ದಳು, ಕೈಯಲ್ಲಿ ಸೌಟು. ಡೆಲ್ಲಾಳನ್ನು ನೋಡಿದಳು, ಕೊರಿನ್‌ಳ ಮುಖ ನೋಡಿದಳು. ಒಲೆ ಆರಿಸಿದಳು.

"ಮೇಬಲ್, ಒಳಗೆ ಹೋಗಿ ನಿನ್ನ ಚೀಲ ಜೋಡಿಸ್ಕೋ ಪುಟ್ಟಿ," ಎಂದಳು ಡೆಲ್ಲಾ. ಮಗು ಓಡಿತು.

"ಕಾರ್ಖಾನೆ ಅಂಗಳದಲ್ಲಿ ಇವರ ಕಾರು ನಿಲ್ಲೋ ಜಾಗದಲ್ಲಿ ನಿಮ್ಮ ನೀಲಿ ಕಾರು ನಿಲ್ಲಿಸಿ ಹೋಗ್ತಿದ್ರಿ," ಎಂದಳು ಡೆಲ್ಲಾ. "ವಾಪಸ್ ಬಂದಾಗ ಅದೇ ಜಾಗ ಸಿಗ್ಬೇಕಲ್ಲ. ಹೌದಾ, ಮಿಸೆಸ್ ಡೈಕ್‌ಹೌಸ್?"

"ಹೌದು," ಎಂದಳು ವರ್ನಾ. ದನಿ ಸಪಾಟಾಗಿತ್ತು. "ಫೋನು ಅಲ್ಲೇ ಇತ್ತು. ನಾನು ಮುಟ್ಟಲಿಲ್ಲ. ಅವಳ ವಸ್ತು ಯಾವುದನ್ನೂ ಮುಟ್ಟಲಿಲ್ಲ."

"ನನ್ನ ಮಗಳ ದಿಂಬು?" ಕೊರಿನ್ ಕೂಗಿದಳು. "ನನಗೆ ಹುಚ್ಚು ಹಿಡೀತು ಅಂದ್ಕೊಂಡೆ! ನನ್ನ ಕೈಯಿಂದಲೇ ಅವಳಿಗೆ ಏನಾದ್ರೂ ಆಗ್ಬಿಡುತ್ತೆ ಅಂತ ರಾತ್ರಿಯೆಲ್ಲ ಎದ್ದು ಕೂತಿದ್ದೆ! ನಿಮ್ಮ ಹತ್ರವೇ ಬಂದು ಅತ್ತಿದ್ದೆ! ನೀವು ಬೆನ್ನು ಸವರಿದ್ರಿ!"

"ಸವರಿದೆ," ಎಂದಳು ವರ್ನಾ. "ಮನಸಾರೆ ಸವರಿದೆ ಕಣೇ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆರೆಗಾನ್ ಎರಡು ಸಾವಿರ ಮೈಲಿ. ನನಗೆ ಅರವತ್ತೆಂಟು. ವರ್ಷಕ್ಕೊಂದು ಸಲ ನೋಡಿದ್ರೂ ಎಷ್ಟು ಸಲ ಆಗುತ್ತೆ, ಬೆರಳಲ್ಲಿ ಎಣಿಸಿದೆ. ಅದಕ್ಕೇ ಬೇಲಿ ಹತ್ರ ಹೋಗಿ ನಿಲ್ತಿದ್ದೆ. ನೋಡೋಕೆ. ನೋಡ್ತಾ ಇದ್ರೆ ಮಾಡಿದ್ದೆಲ್ಲ ಸರಿ ಅನ್ನಿಸ್ತಿತ್ತು."

ಕೊರಿನ್ ಒಳಕೋಣೆಯ ಕಡೆ ತಿರುಗಿ ಮಗಳನ್ನು ಕರೆದಳು.

ಮೇಬಲ್ ಚೀಲ ಎಳೆದುಕೊಂಡು ಬಂದಳು, ಕೋಟು ಒಂದೇ ತೋಳಿಗೆ ಸಿಕ್ಕಿಕೊಂಡಿತ್ತು. "ಗುರುವಾರ ಬರ್ತೀನಲ್ವಾ ಅಜ್ಜಿ? ಗುರುವಾರ ಬಿಸ್ಕತ್ತು ಮಾಡೋಣ ಅಂದಿದ್ದೆ ನೀನು."

ಡೆಲ್ಲಾ ಕಿಟಕಿಯಾಚೆ ನೋಡಿದಳು.

"ಇಲ್ಲ ಚಿನ್ನ," ಎಂದಳು ಕೊರಿನ್ ಕೊನೆಗೆ. "ಗುರುವಾರ ಬರಲ್ಲ."

"ಆಮೇಲಿನ ಗುರುವಾರ?"

ವರ್ನಾ ಮೊಣಕಾಲೂರಿ ಕುಳಿತು ಮಗುವಿನ ಇನ್ನೊಂದು ತೋಳನ್ನು ಕೋಟಿಗೆ ಸೇರಿಸಿದಳು. ಜಿಪ್ಪಿನ ತುದಿಗಳನ್ನು ಕೂಡಿಸಲು ನೋಡಿದಳು. ಬೆರಳು ನಡುಗಿ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಡೆಲ್ಲಾ ಒಂದು ಹೆಜ್ಜೆ ಮುಂದೆ ಬಂದಳು. ಕೊರಿನ್ ಬೇಡವೆಂದು ಕೈ ಮಾಡಿ, ಜಿಪ್ಪು ಹಾಕಿ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿದ್ದಳು.