ಕಾರವಾರದ ಕಡೆ ಮೋಡ

"ಕಾರವಾರದಾಗ ಮೋಡ ಐತೇನ್ರಿ?"

ಸೋಮವಾರ ಸಂಜೆ ನಾನು ಕೇಳಿದ್ದು ಇಷ್ಟೇ. ಕಲ್ಮೇಶ ಚಹಾದ ಕಪ್ಪು ಕೆಳಗಿಟ್ಟ, ಕೊರಳಲ್ಲಿದ್ದ ಟಿಕೆಟ್ ಮಷೀನು ಪಕ್ಕಕ್ಕೆ ಸರಿಸಿದ, ಶಾಲೆಯಲ್ಲಿ ಮಾಸ್ತರು ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ಯೋಚನೆ ಮಾಡಿದ.

"ಇಲ್ರಿ. ನಿಚ್ಚಳ ಐತಿ. ಸೆಕಿ ಭಾಳ, ಅಂಗಿ ಮೈಗಿ ಹತ್ತತೈತಿ. ಆದ್ರ ಮೋಡ ಇಲ್ಲ. ಚಿಂತಿ ಮಾಡಬ್ಯಾಡ್ರಿ."

ಚಿಂತೆ ಮಾಡಬಾರದಂತೆ! ಎದುರಿಗಿದ್ದ ಸಕ್ಕರೆ ಡಬ್ಬಿಯನ್ನು ಅವನ ತಲೆಗೆ ಕುಕ್ಕಬೇಕು ಅನಿಸಿತು.

ಬೇಸಿಗೆಯಲ್ಲಿ ನಮ್ಮ ಕಿತ್ತೂರಿನ ಹೆಂಗಸರೆಲ್ಲ ಕೇಳುವ ಪ್ರಶ್ನೆಯೇ ಇದು. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಹಾಕಿದವರು ತಮ್ಮೂರಿನ ಆಕಾಶವನ್ನು ನಂಬುವುದಿಲ್ಲ. ಸಮುದ್ರದ ಕಡೆ ಮೋಡ ಕಟ್ಟಿತೆಂದರೆ ಇವತ್ತಲ್ಲ ನಾಳೆ ನಮ್ಮ ತಲೆಯ ಮೇಲೆ ಬಂತು ಅಂತಲೇ ಲೆಕ್ಕ. ಅದಕ್ಕೇ ನಾವು ಮೊಬೈಲಿನಲ್ಲಿ ನೋಡುವುದು ಕರಾವಳಿಯ ಹವಾಮಾನ. ಅದರ ಮೇಲೂ ನಂಬಿಕೆ ಸಾಲದಿದ್ದರೆ ಕಾರವಾರದ ಬಸ್ಸಿನ ಕಂಡಕ್ಟರನನ್ನು ಕೇಳುವುದು. ಅವನು ಒಂದು ದಿನ ಮುಂಜಾನೆ ಹೋಗಿ ಮರುದಿನ ಸಂಜೆ ಬರುತ್ತಾನೆ, ಕಣ್ಣಾರೆ ಕಂಡಿರುತ್ತಾನೆ. ಬಸ್ಸು ನಿಲ್ಲುವುದು ನಮ್ಮಪ್ಪನ ಚಹಾದ ಅಂಗಡಿಯ ಮುಂದೆ. ಅಂಗಡಿಗೆ ಹತ್ತಿಕೊಂಡೇ ನಮ್ಮ ಮನೆ. ಗಲ್ಲೆಯಲ್ಲಿ ಕೂರುವವಳು ನಾನು.

ಹೋದ ಬೇಸಿಗೆಯಲ್ಲಿ ನಾನೂ ಹಪ್ಪಳಕ್ಕಾಗಿಯೇ ಕೇಳಿದ್ದೆ. ಮಳೆಗಾಲ ಬಂದು ಹಪ್ಪಳ ಡಬ್ಬಿ ಸೇರಿದರೂ ಈ ಮನುಷ್ಯ ಹೇಳುವುದು ಬಿಡಲಿಲ್ಲ. "ಇವತ್ತ ಅಂಕೋಲಾದಾಗ ಬಿಟ್ಟೂಬಿಡದ ಮಳಿ ನೋಡ್ರಿ," "ಇವತ್ತ ಸಮುದ್ರ ಹಸರ ಆಗಿತ್ರಿ," ಎಂದು ಕೇಳದಿದ್ದರೂ ಹೇಳುತ್ತಿದ್ದ. ಹೇಳುವಾಗ ನನ್ನ ಮುಖ ನೋಡುತ್ತಿದ್ದ. ನಾನು ತಲೆ ಎತ್ತಿದರೆ ಚಿಲ್ಲರೆ ಎಣಿಸಲು ಶುರುಮಾಡುತ್ತಿದ್ದ. ಅವನ ಕಿವಿ ಕೆಂಪಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅಷ್ಟು ಕಂಡಿದ್ದೇ ಸಾಕಾಯಿತು, ನನ್ನ ಮನಸ್ಸು ಆ ಬಸ್ಸು ಹತ್ತಿ ಕೂತಿತು. ಆದರೆ ವರ್ಷವಾದರೂ ಹವಾಮಾನದ ಮಾತು ಬಿಟ್ಟು ಬೇರೆ ಮಾತು ಅವನ ಬಾಯಿಂದ ಹೊರಡಲಿಲ್ಲ.

ಈಗ ರಾಮದುರ್ಗದಿಂದ ಸಂಬಂಧ ಬಂದಿತ್ತು. ಹೊಲ, ಟ್ರ್ಯಾಕ್ಟರು, ಎರಡು ಅಂತಸ್ತಿನ ಮನೆ. ಶುಕ್ರವಾರ ನಮ್ಮವರು ಹೋಗಿ ಸಕ್ಕರೆ ಹಚ್ಚಿ ಮದುವೆ ಗೊತ್ತುಮಾಡಿ ಬರುವುದು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ ಸಿದ್ದಲಿಂಗವ್ವ, ಒಂದು ಹಟ ಹಿಡಿದಿದ್ದಳು. ನಮ್ಮ ಮನೆತನದಲ್ಲಿ ಬರಿಗೈಯಲ್ಲಿ ಹೋಗಿ ಹೂಂ ಅನ್ನುವ ಪದ್ಧತಿ ಇಲ್ಲ, ಮನೆಯಲ್ಲೇ ಮಾಡಿದ ಶಾವಿಗೆಯ ಬುಟ್ಟಿ ಹೊತ್ತುಕೊಂಡೇ ಹೋಗಬೇಕು. ಬುಟ್ಟಿ ಹೋಗುವ ತನಕ ಮಾತು ಕೊಟ್ಟಹಾಗಲ್ಲ.

"ನಿನ್ನ ಮನಸಿನ್ಯಾಗ ಯಾರರ ಅದಾರೇನ ರತ್ನೀ? ಇದ್ರ ಈಗ ಹೇಳು," ಎಂದು ಆಯಿ ಕೇಳಿದ್ದಳು. ಏನು ಹೇಳಲಿ? ಒಬ್ಬ ದಿನ ಬಿಟ್ಟು ದಿನ ಬಂದು ಸಮುದ್ರದ ಬಣ್ಣ ಹೇಳಿ ಹೋಗುತ್ತಾನೆ ಅಂತಲೇ? ಕೊಡ ಎತ್ತಿಕೊಂಡು ನೀರಿಗೆ ಹೋದೆ.

ಹಾಗಾಗಿ ನನಗೆ ಉಳಿದದ್ದು ಮಳೆ ಒಂದೇ. ಶಾವಿಗೆ ಒಣಗದಿದ್ದರೆ ಶುಕ್ರವಾರ ತಪ್ಪುತ್ತದೆ.

"ಶುಕ್ರವಾರ ನಮ್ಮವರು ರಾಮದುರ್ಗಕ್ಕ ಹೊಂಟಾರ್ರಿ," ಎಂದೆ.

"ಗೊತ್ತೈತ್ರಿ. ಅದಕ್ಕ ಹಿಂಗ ಕೇಳಾಕತ್ತೀರಿ ಅಂತ ತಿಳದೀನಿ." ಅವನು ಕಪ್ಪಿನೊಳಗೇ ನೋಡುತ್ತಿದ್ದ. "ಛಲೋ ಬಿಸಲ ಬೀಳತೈತಿ. ನಿಮ್ಮ ಶಾವಿಗಿಗಿ ಏನೂ ಆಗೂದಿಲ್ಲ."

ಅರ್ಧ ಚಹಾ ಬಿಟ್ಟು ಎದ್ದುಹೋದ. ಹೌದಲ್ಲ, ಮೋಡ ಕೇಳುವ ಹೆಂಗಸರಿಗೆಲ್ಲ ಬೇಕಾದದ್ದು ಬಿಸಿಲು. ಒಬ್ಬಳಿಗೆ ಮಳೆ ಬೇಕಿರಬಹುದು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಹಾಗಂತ ನಾನೇ ಬಾಯಿಬಿಟ್ಟು ಹೇಳುವುದೇ? ನನಗೂ ಸೊಕ್ಕು ಇದೆ.

ಮಂಗಳವಾರ ಅವನು ಕಾರವಾರಕ್ಕೆ ಹೋದ. ಇಲ್ಲಿ ಆಯಿ ಕಣಕ ನಾದಿದಳು, ಪಕ್ಕದ ಮನೆಯ ನನ್ನ ಗೆಳತಿ ಜನ್ನತ ಶಾವಿಗೆ ಮಷೀನು ತಿರುಗಿಸಿದಳು, ನಾನು ಎಳೆಗಳನ್ನು ಕೋಲಿನ ಮೇಲೆ ಹಾಕಿ ಮಾಳಿಗೆಗೆ ಒಯ್ದೆ. ಮೊಬೈಲು ತೆಗೆದರೆ ಕರಾವಳಿಗೆ ಈ ವಾರದ ಮುನ್ಸೂಚನೆ ಬಂದಿತ್ತು: ಬುಧವಾರದಿಂದ ಅಲ್ಲಲ್ಲಿ ಗುಡುಗುಸಹಿತ ಮಳೆ, ಜೋರು ಗಾಳಿ.

"ಏನ ಐತಿ ಅದರಾಗ?" ಆಯಿ ಕೇಳಿದಳು.

"ಬಿಸಲ ಐತಿ," ಎಂದೆ. ಮೊಬೈಲು ಬೋರಲು ಇಟ್ಟೆ.

ಬುಧವಾರ ಮುಂಜಾನೆ ಅಂಗಡಿಯ ಫೋನು ಬಡಿದುಕೊಂಡಿತು. ಅವನು! ಯಾವತ್ತೂ ಫೋನು ಮಾಡಿದವನಲ್ಲ.

"ನಾಗರತ್ನಾರ, ನಾ ಕಲ್ಮೇಶ. ಕಾರವಾರದಾಗ ಪೂರಾ ಕರ್ರಗ ಆಗೇತ್ರಿ. ಅಂಕೋಲಾದ ಕಡೆ ಗುಡಗಾಕತ್ತೈತಿ. ಸಂಜೀ ಅನ್ನೂದ್ರಾಗ ಅಲ್ಲಿಗಿ ಬರತೈತಿ. ಶಾವಿಗಿ ತಗದ ಬಿಡ್ರಿ!"

"ಹೂಂ," ಎಂದೆ.

"ಮರೀಬ್ಯಾಡ್ರಿ."

"ಹೂಂ ಅಂದ್ನೆಲ್ಲ."

ಫೋನಿಟ್ಟು ತಿರುಗಿದೆ. ಆಯಿ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಯಾರಿಗೂ ಹೇಳಲಿಲ್ಲ. ಮಷೀನು ತಿರುಗಿಸಿ ತಿರುಗಿಸಿ ಜನ್ನತಳ ತೋಳು ಬಾತಿದ್ದು ನೆನಪಾಗಿ ಮಾಳಿಗೆಯ ಮೆಟ್ಟಿಲವರೆಗೆ ಹೋದೆ, ತಿರುಗಿ ಬಂದೆ. ಇಡೀ ದಿನ ಪಡುವಣ ದಿಕ್ಕು ನೋಡುತ್ತ ಗಲ್ಲೆಯಲ್ಲಿ ಕೂತೆ. ಒಬ್ಬರಿಗೆ ಚಿಲ್ಲರೆ ಹೆಚ್ಚು ಕೊಟ್ಟೆ, ಒಬ್ಬರಿಗೆ ಕೊಡುವುದನ್ನೇ ಮರೆತೆ. ಅಪ್ಪ ಒಲೆಯ ಮುಂದಿನಿಂದ ಎರಡು ಸಲ ತಿರುಗಿ ನೋಡಿದ.

ಸಂಜೆ ಬಸ್ಸಿಗಿಂತ ಮೊದಲು ಗಾಳಿ ಬಂತು. ನಾನು ಮಾಳಿಗೆ ಹತ್ತಿ ನಿಂತೆ. ಶಾವಿಗೆ ಆಗಲೇ ಮುಕ್ಕಾಲು ಒಣಗಿ, ಮುಟ್ಟಿದರೆ ಗರಿಗರಿ ಅನ್ನುತ್ತಿತ್ತು. ಇನ್ನೊಂದು ಬಿಸಿಲಿಗೆ ಬುಟ್ಟಿಗೆ ಹೋಗುವಂಥದ್ದು. ಕೆಳಗೆ ಬಸ್ಸು ಬ್ರೇಕು ಹಾಕಿದ ಸದ್ದು. ಮರುಗಳಿಗೆಯಲ್ಲಿ ಮೆಟ್ಟಿಲ ಮೇಲೆ ಬೂಟಿನ ಧಡಧಡ.

ಕಲ್ಮೇಶ ಕಂಕುಳಲ್ಲಿ ಒಂದು ಹೊಸ ನೀಲಿ ತಾಡಪತ್ರಿ ಇಟ್ಟುಕೊಂಡು ಮೇಲೆ ಬಂದ. ಕಾರವಾರದಲ್ಲಿ ಮೀನಿನ ದೋಣಿಗೆ ಹೊದಿಸುತ್ತಾರಲ್ಲ, ಅಂಥದ್ದು.

"ಫೋನ್ ಮಾಡಿದ್ನೆಲ್ರಿ! ಯಾಕ ತಗದಿಲ್ಲ?" ಏದುಸಿರು ಬಿಡುತ್ತ ತಾಡಪತ್ರಿ ಬಿಚ್ಚಿದ. "ಆ ಮೂಲಿ ಹಿಡೀರಿ."

ನಾನು ಕೈ ಕಟ್ಟಿ ನಿಂತೆ. ಮೊದಲ ಹನಿ ನನ್ನ ಕೆನ್ನೆಯ ಮೇಲೆ ಬಿತ್ತು.

"ಹಿಡೀರಿ ನಾಗರತ್ನಾರ! ತೊಯ್ದ ಹೋಗತಾವು!"

"ತೊಯ್ಲಿ."

"ಏನ್ರಿ?"

"ತೊಯ್ಲಿ ಅಂದ್ನಿ! ಎಲ್ಲಾ ತೊಯ್ಲಿ!"

ಅವನು ತಾಡಪತ್ರಿಯ ತುದಿ ಹಿಡಿದು ಹಾಗೇ ನಿಂತುಬಿಟ್ಟ. "ಮತ್ತ... ಮೊನ್ನಿ ಕೇಳಿದ್ರಲ್ಲ, ಮೋಡ ಐತೇನಂತ?"

"ಐತಿ ಅನ್ಲಿ ಅಂತ ಕೇಳಿದ್ನಿ! ಆವತ್ತ ಐತಿ ಅಂದ್ರೇನ ನೀವು? ಬಿಸಲ ಬೀಳತೈತಿ, ಬಿಸಲ ಬೀಳತೈತಿ! ನನ್ನ ರಾಮದುರ್ಗಕ್ಕ ಕಳಸಾಕ ಎಷ್ಟ ಅವಸರ ನಿಮಗ!"

ಮಳೆ ಧೋ ಎಂದು ಸುರಿಯಿತು. ಅವನ ಕೈಯಿಂದ ತಾಡಪತ್ರಿ ಜಾರಿತು. ಗಾಳಿ ಅದನ್ನು ಮೂಲೆಗೆ ಒಯ್ದು ಒಗೆಯಿತು.

"ಅವಸರ?" ಅವನು ಮುಖದ ನೀರು ಒರೆಸಿಕೊಂಡ. "ನಿನ್ನೀ ಆ ಸಮುದ್ರದ ದಂಡಿಗೆ ನಿಂತು ಕೈ ಮುಗದೀನಿ, ಈ ವಾರ ಮಳಿ ಬ್ಯಾಡಪಾ, ಆಕೀ ಶಾವಿಗಿ ಒಣಗಲಿ ಅಂತ. ಕೈ ಮುಗಿಯೂಮುಂದ ನನ್ನ ಹೊಟ್ಟಿ ಉರೀತಿತ್ತು. ಆದ್ರೂ ಮುಗದ್ನಿ. ನಿಮಗ ಬೇಕಾಗೇತಿ ಅಂತ ತಿಳದು."

"ಬಾಯಿ ಬಿಟ್ಟ ಕೇಳಬೇಕಿಲ್ಲೋ?"

"ಏನಂತ ಕೇಳ್ಲಿ? ಟ್ರ್ಯಾಕ್ಟರ್ ಇದ್ದ ಮನಿ ಅದು. ನಾ ನೇಸರಗಿಯ ಒಬ್ಬ ಕಂಡಕ್ಟರ."

"ನನಗ ಟ್ರ್ಯಾಕ್ಟರ್ ಹೊಡ್ಯಾಕ ಬರೂದಿಲ್ಲ!"

ಅವನಿಗೆ ನಗು ಬಂತು, ನನಗೆ ಅಳು ಬಂತು. ಅವನು ಮಳೆಯಲ್ಲೇ ನನ್ನೆದುರು ಬಂದು ನಿಂತ. ಈ ಸಲ ನಾನು ತಲೆ ಎತ್ತಿದರೂ ಅವನ ಕಣ್ಣು ಎತ್ತಲೂ ಓಡಲಿಲ್ಲ.

"ರತ್ನಾ, ನೀ ನನಗ ಬೇಕು. ಹೋದ ಬ್ಯಾಸಗಿಯಿಂದ ಬೇಕು. ಸಮುದ್ರದ ಸುದ್ದಿ ಬಿಟ್ಟು ಬ್ಯಾರೆ ಏನ ಮಾತಾಡಬೇಕು ತಿಳೀಲಿಲ್ಲ."

"ಇಷ್ಟ ಹೇಳಾಕ ಒಂದ ವರ್ಷ?" ಎಂದೆ. ಅವನ ಒದ್ದೆ ತೋಳನ್ನು ಹಿಡಿದೆ, ಬಿಡಲಿಲ್ಲ.

"ಮುಗೀತೇನ ಮಾತು?"

ಮೆಟ್ಟಿಲ ಬಾಗಿಲಲ್ಲಿ ಆಯಿ, ಅವಳ ಹಿಂದೆ ಅಪ್ಪ. ನಾವಿಬ್ಬರೂ ಹೌಹಾರಿ ದೂರ ಸರಿದೆವು. ಆಯಿ ಮಳೆಗೆ ಸೆರಗು ಹೊದ್ದು ಬಂದು ಶಾವಿಗೆ ಮುಟ್ಟಿದಳು. ಅದು ಮೆತ್ತಗಾಗಿ ಕೋಲಿಗೆ ಅಂಟಿತ್ತು.

"ಮುಂಜಾನಿ ಫೋನಿನ್ಯಾಗ ಇಂವಾ ಒದರಿದ್ದು ನಾನೂ ಕೇಳೀನಿ," ಎಂದಳು. "ಕಿವಿ ಇನ್ನೂ ಛಲೋ ಅದಾವ ನನ್ನವು. ಈಕಿ ಬಾಯಿ ಬಿಡವಲ್ಲಳು. ಶಾವಿಗಿ ಹೋದ್ರ ಹೋಗಲಿ, ಈಕಿ ಮನಸರ ತಿಳೀಲಿ ಅಂತ ಸುಮ್ನ ಬಿದ್ಕೊಂಡಿದ್ನಿ."

ಕಲ್ಮೇಶ ತೊಟ್ಟಿಕ್ಕುವ ಖಾಕಿಯಲ್ಲೇ ಅಪ್ಪನ ಮುಂದೆ ಕೈಮುಗಿದು ನಿಂತ. "ಅಂದಾನೆಪ್ಪನಾರ, ನಿಮ್ಮ ಮಗಳ್ನ ನನಗ ಕೊಡ್ರಿ. ನಾ ಇದನ್ನ ಭಾಳ ತಡಾ ಮಾಡಿ ಕೇಳಾಕತ್ತೀನಿ."

ಅಪ್ಪ ನನ್ನ ಮುಖ ನೋಡಿದ. ಆಯಿಯ ಮುಖ ನೋಡಿದ. "ರಾಮದುರ್ಗದವರಿಗಿ ಏನ ಹೇಳ್ಲವ್ವಾ?"

"ಬುಟ್ಟಿ ಇನ್ನೂ ನಮ್ಮನ್ಯಾಗ ಐತಿ. ಮಾತ ಕೊಟ್ಟಂಗಲ್ಲ. ನಾನ ಫೋನ್ ಮಾಡತೇನಿ," ಎಂದಳು ಆಯಿ. "ಮೊದಲ ಇದನ್ನ ಕೆಳಗ ಒಯ್ರಿ. ತೊಯ್ದ ಶಾವಿಗಿ ಇಟ್ರ ಹುಳಿ ಬರತೈತಿ. ಈಗ ಬಸದು ಉಣಬೇಕು."

ಬಸ್ಸಿನ ಡ್ರೈವರ್ ಖಾಸಿಮಸಾಬ ಹಾರ್ನು ಹೊಡೆದೇ ಹೊಡೆದ. ಆಯಿ ಅವನನ್ನೂ ಒಳಗೆ ಕರೆಸಿ ಕೂರಿಸಿದಳು. ಅಪ್ಪ ಬಸ್ಸಿನಲ್ಲಿದ್ದವರಿಗೆಲ್ಲ ಚಹಾ ಕಳಿಸಿದ. ಬೆಲ್ಲ, ಬಿಸಿ ಹಾಲು, ಮೇಲೊಂದು ಚಮಚ ತುಪ್ಪ. ಮೊದಲ ತಾಟು ಕಲ್ಮೇಶನಿಗೆ. ಬೀಗರಿಗೆಂದು ಮಾಡಿದ್ದ ಶಾವಿಗೆ ಅದು. ಅವನು ಉಣ್ಣುತ್ತ ನನ್ನ ಕಡೆ ನೋಡಿದ, ನೆತ್ತಿಗೆ ಹತ್ತಿ ಕೆಮ್ಮಿದ. ನೀರು ಕೊಡಲು ನಾನು ಹೋದೆ.

"ಮುಂದಿನ ಶುಕ್ರವಾರನ ಬರತೇವಿ ನೇಸರಗಿಗಿ," ಎಂದು ಆಯಿ ಇನ್ನಷ್ಟು ತುಪ್ಪ ಸುರಿದಳು. "ದಿಕ್ಕ ಅಷ್ಟ ಬ್ಯಾರೆ. ಬುಟ್ಟಿ ಮಾತ್ರ ಬೇಕ ಬೇಕು."

ಜನ್ನತ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಮತ್ತ ಮಷೀನ ತಿರಗಸಾಕ ನಾ ಒಲ್ಲೆವ್ವಾ! ನಿನ್ನ ಕಂಡಕ್ಟರನ ಕರಿ," ಎಂದು ತೋಳು ತೋರಿಸಿದಳು. ನಾನು ಅವಳ ಕೈ ಹಿಡಿದು ತಪ್ಪಾಯಿತು ಎಂದೆ.

ಬಸ್ಸು ಹೊರಟಿತು. ಬಾಗಿಲಲ್ಲಿ ನಿಂತ ಕಲ್ಮೇಶನ ಪಕ್ಕಕ್ಕೆ ನಾನು ಮಳೆಯಲ್ಲೇ ಓಡಿದೆ.

"ಖರೇ ಹೇಳ್ರಿ. ಕಾರವಾರದಾಗ ಇನ್ನೂ ಮೋಡ ಐತೇನ್ರಿ?"

"ಭಾಳ ಐತಿ!" ಎಂದು ಕೂಗಿದ ಅವನು, ಮುಖದ ತುಂಬ ನಗು.

ನಾನು ಮಾಳಿಗೆಗೆ ಹೋಗಿ ಆ ನೀಲಿ ತಾಡಪತ್ರಿಯನ್ನು ಹುಡುಕಿ ತಂದು, ಒರೆಸಿ, ನಾಲ್ಕೂ ಮೂಲೆ ಸರಿಮಾಡಿ ಮಡಚಿಟ್ಟೆ. ನಾಳೆ ಹೊಸ ಶಾವಿಗೆ ಒಣಹಾಕುವಾಗ ಅದು ಬೇಕಾಗುತ್ತದೆ.