ಚಳಿಗಾಲದ ಕೇಸರಿ ಸಾಲುಗಳು

"ಏಯ್! ಕೆಳಗಿಳೀರಿ ಮೊದಲು!"

ಆ ಗದರಿಕೆಗೆ ದಿಮ್ಮಿಗಳ ರಾಶಿಯ ಮೇಲೆ ನಿಂತಿದ್ದ ಹುಡುಗಿ ತಿರುಗಿ ನೋಡಿದಳು. ಮೈತುಂಬ ಮರದ ಹೊಟ್ಟು ಮೆತ್ತಿಕೊಂಡಿದ್ದ ಒಬ್ಬ ಎತ್ತರದ ಯುವಕ ಅವಳತ್ತಲೇ ಓಡಿ ಬರುತ್ತಿದ್ದ. ಗಾಬರಿಯಲ್ಲಿ ಅವಳು ಕಾಲು ಹಿಂದಿಟ್ಟಳು. ಕಾಲ ಕೆಳಗಿನ ದಿಮ್ಮಿ ಉರುಳಿತು! ಬೀಳುವಷ್ಟರಲ್ಲಿ ಅವನ ಒರಟು ಕೈ ಅವಳ ಮೊಣಕೈಯನ್ನು ಹಿಡಿದಿತ್ತು.

"ಪೇರಿಸಿಟ್ಟ ದಿಮ್ಮಿ ಮೇಲೆ ಯಾರಾದ್ರೂ ಹತ್ತುತ್ತಾರಾ? ಒಂದು ಜಾರಿದ್ರೆ ಎಲ್ಲಾ ಮೈಮೇಲೆ ಬರುತ್ತೆ! ಏನು ಕದಿಯೋಕೆ ಬಂದಿದ್ರಿ?"

"ಬಿಸಿಲು!" ಎಂದುಬಿಟ್ಟಳು ಅವಳು ಸಿಟ್ಟಿನಲ್ಲಿ.

ಅವನು ತಲೆ ಎತ್ತಿ ಆಕಾಶ ನೋಡಿದ.

ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮರದ ಮಿಲ್ಲಿನ ಅಂಗಳದ ಕಂಬಕ್ಕೆ ಒಂದು ದೊಡ್ಡ ಥರ್ಮಾಮೀಟರ್ ನೇತುಹಾಕಿದ್ದರು. ಅದನ್ನು ಓದಲೆಂದೇ ಅವಳು ದಿಮ್ಮಿ ಹತ್ತಿದ್ದು. ಅಕ್ಕನಿಗೆ ಆಗಷ್ಟೇ ಹೆಣ್ಣು ಮಗು ಹುಟ್ಟಿತ್ತು. ಆ ಕೂಸಿಗಾಗಿ ಅವಳು ಕ್ರೋಶಾ ಕಡ್ಡಿಯಲ್ಲಿ ಒಂದು ಉಲ್ಲನ್ ಹೊದಿಕೆ ಹೆಣೆಯಲು ಕೂತಿದ್ದಳು. ದಿನಕ್ಕೊಂದು ಸಾಲು, ಆ ದಿನದ ಬಿಸಿಗೆ ತಕ್ಕ ಬಣ್ಣ. ಚಳಿಗೆ ನೀಲಿ, ಹಿತವಾಗಿದ್ದರೆ ಹಸಿರು, ಬೆಚ್ಚಗಿದ್ದರೆ ಹಳದಿ, ಸುಡುಬಿಸಿಲಿಗೆ ಕೇಸರಿ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅದರ ಮೊದಲ ವರ್ಷವನ್ನೇ ಹೊದಿಸಬೇಕೆಂಬ ಆಸೆ!

ಎಲ್ಲ ಕೇಳಿ ಅವನು ಕೂದಲಿನ ಹೊಟ್ಟು ಕೊಡವಿಕೊಂಡ.

"ನಿಮ್ಮ ಮನೆ ಎಲ್ಲಿ?"

"ಎದುರಿಗೇ. ಉಲ್ಲನ್ ಅಂಗಡಿ ಮಹಡಿ ಮೇಲೆ. ಅಂಗಡಿ ನಮ್ಮ ಅತ್ತೇದು, ನಮ್ಮಪ್ಪನ ತಂಗಿ."

"ಹಾಗಾದ್ರೆ ನೀವು ಬರೋದು ಬೇಡ. ನಾನೇ ದಿನಾ ಕೂಗಿ ಹೇಳ್ತೀನಿ."

ಮರುದಿನ ಥರ್ಮಾಮೀಟರ್ ಕಂಬದಿಂದ ಮಾಯವಾಗಿ ಹೊಟ್ಟಿನ ಕೋಣೆಯ ಹೊರಗೋಡೆಗೆ ಬಂದು ಕೂತಿತ್ತು. "ಅಲ್ಲಿ ನೆರಳಿರುತ್ತೆ, ಅಳತೆ ಸರಿ ಬರುತ್ತೆ" ಎಂದ. ಗರಗಸದಿಂದ ಉದುರಿದ ಹೊಟ್ಟನ್ನೆಲ್ಲ ತುಂಬುವ ಕೋಣೆ ಅದು. ಕಿಟಕಿಯಿಲ್ಲ, ಒಂದೇ ಬಾಗಿಲು, ಒಳಗೆ ಸೂರು ಮುಟ್ಟುವ ರಾಶಿ. ಥರ್ಮಾಮೀಟರ್ ಅಲ್ಲಿಗೆ ಬಂದಾಗ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಅನ್ನಿಸುವುದಾದರೂ ಹೇಗೆ?

ಮಧ್ಯಾಹ್ನದ ಚಹಾಕ್ಕೆ ಗರಗಸ ನಿಂತರೆ ಸಾಕು, ಅವಳ ಕಿವಿ ನಿಮಿರುತ್ತಿತ್ತು.

"ದಾರದ ಮೇಡಂ! ಇವತ್ತು ಹಸಿರು!"

"ಬಂತಪ್ಪಾ ನಿನ್ನ ಹವಾಮಾನ ಇಲಾಖೆ!" ಎಂದು ಅತ್ತೆ ಕೆಣಕುತ್ತಿದ್ದರು. "ಬಿಸಿಲು ಎಷ್ಟಿದೆಯೋ ಗೊತ್ತಿಲ್ಲ, ನಿನ್ನ ಕೆನ್ನೆಯಂತೂ ಕೆಂಪು ದಾಟಿದೆ ಕಣೇ!"

"ಹೋಗಿ ಅತ್ತೆ!"

ದಿನಗಳು ಸಾಲಾಗಿ ಬೆಳೆದವು. ಆ ವರ್ಷ ಮಳೆ ಬಿಡದೆ ಸುರಿಯಿತು. ಹೊಟ್ಟಿನ ಕೋಣೆಯ ಸೂರು ಸೋರಿ ರಾಶಿ ಒಳಗೊಳಗೇ ನೆನೆಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಟ್ಟು ತಾನೇ?

ಚಳಿ ಬಂತು. ಅವನು ಮೊದಲು "ಹಸಿರು" ಎಂದ, ಆಮೇಲೆ "ಹಳದಿ" ಎಂದ. ಈಗೀಗ "ಕೇಸರಿ!" ಎಂದು ಕೂಗತೊಡಗಿದ್ದ. ಅವಳು ಶಾಲು ಹೊದ್ದುಕೊಂಡೇ ಕೇಸರಿ ಉಂಡೆ ಎತ್ತಿಕೊಳ್ಳುತ್ತಿದ್ದಳು. ಅವನು ಹೇಳಿದ ಮೇಲೆ ಮುಗಿಯಿತು! ಪ್ರೀತಿಗೆ ಬಿದ್ದವರ ಬುದ್ಧಿಯೇ ಅಷ್ಟು, ಮೈ ನಡುಗುತ್ತಿದ್ದರೂ ಅವನ ಮಾತೇ ನಿಜ.

"ಏನೇ ಇದು, ಸುಟ್ಟ ವಾಸನೆ?" ಅತ್ತೆ ಆಗಾಗ ಮೂಗು ಅರಳಿಸುತ್ತಿದ್ದರು. "ಹಾಲು ಉಕ್ಕಿಸಿದ್ಯಾ?"

ಒಲೆ ಆರಿಯೇ ಇರುತ್ತಿತ್ತು.

ಒಂದು ದಿನ ಅಕ್ಕ ಮಗುವನ್ನೆತ್ತಿಕೊಂಡು ಬಂದಳು. ಹೊದಿಕೆಯನ್ನು ಮಡಿಲಿಗೆಳೆದುಕೊಂಡವಳು ಹುಬ್ಬು ಗಂಟಿಕ್ಕಿದಳು.

"ಇದೇನೇ? ಮಗೂಗೆ ಎರಡು ಸ್ವೆಟರ್ ಹಾಕಿ ಓಡಾಡ್ತಿದೀನಿ, ನೀನು ಸುಡುಬಿಸಿಲಿನ ಬಣ್ಣ ಹಾಕಿದೀಯ? ಯಾರೋ ನಿನ್ನನ್ನ ಚೆನ್ನಾಗಿ ಮಂಗ ಮಾಡಿದಾರೆ!"

ಅವಳ ಮುಖ ಪೆಚ್ಚಾಯಿತು.

ಸಂಜೆ ಮಿಲ್ಲಿನ ಗೇಟಿನಲ್ಲಿ ಅವನನ್ನು ತಡೆದಳು.

"ನನ್ನ ಕೆಲಸ ನಿಮಗೆ ಆಟ ಅಲ್ವಾ? ಬಾಯಿಗೆ ಬಂದ ಬಣ್ಣ ಕೂಗೋದು, ಈ ಪೆದ್ದಿ ಹೆಣೀತಾ ಕೂರೋದು!"

"ನಾನು ಕಂಡಿದ್ದನ್ನೇ ಹೇಳಿದ್ದು. ದಿನವಿಡೀ ಮರ ಎಳೆದು ಬೆವರೋನಿಗೆ ಚಳಿ ಎಲ್ಲಿ ಗೊತ್ತಾಗುತ್ತೆ..."

"ಈ ಚಳೀಲಾ? ಸುಳ್ಳಿಗೂ ಒಂದು ಮಿತಿ ಬೇಡ್ವಾ?"

ಅವನ ಮುಖ ಬಿಗಿಯಿತು.

"ನಾನು ಗರಗಸದ ಮುಂದೆ ನಿಲ್ಲೋನು. ಅಳತೆ ತಪ್ಪಿದ್ರೆ ಬೆರಳು ಹೋಗುತ್ತೆ. ಅಳತೆ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ ಮೇಡಂ."

"ಇನ್ಮೇಲೆ ಕೂಗಬೇಡಿ!"

ಅವನು ಕೂಗಲಿಲ್ಲ. ಮರುದಿನ ಚಹಾದ ಹೊತ್ತಿಗೆ ಗರಗಸ ನಿಂತಿತು, ಬೀದಿ ಸುಮ್ಮನಿತ್ತು. 'ಅವನು ನನ್ನನ್ನು ನೋಡಿ ನಗುತ್ತಿದ್ದನಾ... ಇಷ್ಟು ದಿನವೂ?'

ಕಣ್ಣೊರೆಸಿಕೊಂಡು ಕಿಟಕಿಯ ಬಳಿ ಕೂತಳು. ಸುಳ್ಳು ಸಾಲುಗಳನ್ನೆಲ್ಲ ಬಿಚ್ಚಿಬಿಡುವುದೆಂದು ತೀರ್ಮಾನಿಸಿದ್ದಳು. ಕೊನೆಯ ಗಂಟು ಸಡಿಲಿಸಿ ಎಳೆದಳು. ಕೇಸರಿ ದಾರ ಸರಸರನೆ ಬಿಚ್ಚಿಕೊಂಡು ಕಾಲಿನ ಸುತ್ತ ಬಿತ್ತು. ಒಂದು ಸಾಲು, ಇನ್ನೊಂದು, ಮತ್ತೊಂದು...

ಅವಳ ಕೈ ನಿಧಾನವಾಯಿತು.

ಕೇಸರಿಯ ಕೆಳಗೆ ಹಳದಿ. ಹಳದಿಯ ಕೆಳಗೆ ಹಸಿರು. ನಡುವೆ ಒಂದೇ ಒಂದು ಸಾಲೂ ಇಳಿದಿರಲಿಲ್ಲ. ಮಳೆಗಾಲದ ಸಾಲುಗಳನ್ನು ನೋಡಿದಳು. ಅಲ್ಲಿ ನೀಲಿ, ಹಸಿರು, ಮತ್ತೆ ನೀಲಿ, ಒಂದು ಹಳದಿ. ಹವೆ ಎಂದರೆ ಹಾಗೆ, ಏರುತ್ತದೆ, ಇಳಿಯುತ್ತದೆ. ಬಾಯಿಗೆ ಬಂದದ್ದು ಕೂಗುವವನೂ ಅಲ್ಲೊಂದು ಇಲ್ಲೊಂದು ಕೂಗುತ್ತಾನೆ. ಇದು ಮಾತ್ರ ಮೆಟ್ಟಿಲು ಹತ್ತಿದಂತೆ ಏರುತ್ತಲೇ ಬಂದಿತ್ತು.

'ಅವನು ಸುಳ್ಳು ಹೇಳಿಲ್ಲ. ಥರ್ಮಾಮೀಟರೂ ಸುಳ್ಳು ಹೇಳಿಲ್ಲ. ಹಾಗಾದರೆ ಬಿಸಿಯಾಗುತ್ತಿರುವುದು... ಆ ಗೋಡೆ!'

ಸುಟ್ಟ ವಾಸನೆ ಮತ್ತೆ ಮೂಗಿಗೆ ಬಡಿಯಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಅಂಗಳದಲ್ಲಿ ಹೊಟ್ಟು ಒಯ್ಯಲು ಲಾರಿ ಬಂದು ನಿಂತಿತ್ತು. ಹೆಗಲ ಮೇಲೆ ಸಲಿಕೆ ಹೊತ್ತು ಅವನು ಆ ಒಂದೇ ಬಾಗಿಲಿನತ್ತ ನಡೆಯುತ್ತಿದ್ದ.

"ನಿಲ್ಲೀ!" ಅವಳು ಕಿರುಚಿದಳು. ಲಾರಿಯ ಸದ್ದಿನಲ್ಲಿ ಅದು ಕರಗಿಹೋಯಿತು.

ಮೆಟ್ಟಿಲುಗಳನ್ನು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಚಪ್ಪಲಿಯಿಲ್ಲದೆ ಬೀದಿ ದಾಟಿದಳು. ಅವನು ಅಗುಳಿ ಎಳೆದಿದ್ದ, ಒಂದು ಕಾಲು ಹೊಸ್ತಿಲಿನಾಚೆ ಎತ್ತಿದ್ದ. ಅವಳು ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಇಬ್ಬರೂ ಮಣ್ಣಿಗೆ ಬಿದ್ದರು.

"ಹುಚ್ಚು ಹಿಡೀತಾ ನಿಮಗೆ?"

"ಗೋಡೆ... ಗೋಡೆ ಮುಟ್ಟಿ ನೋಡಿ!"

ಅವಳ ಮುಖ ನೋಡಿ ಅವನು ಎದ್ದು ಅಂಗೈಯನ್ನು ಗೋಡೆಗಿಟ್ಟ. ತಕ್ಷಣ ಹಿಂದೆಳೆದುಕೊಂಡ. ಒಳಗೆ ಹೊಟ್ಟಿನ ರಾಶಿ ಎಂದಿನಂತೆ ತಣ್ಣಗೆ, ತೆಪ್ಪಗೆ ಕಾಣುತ್ತಿತ್ತು. ಸಲಿಕೆಯನ್ನು ಅದರ ಮೇಲೆ ಎಸೆದ. ಸಲಿಕೆ ಒಂದು ಕ್ಷಣ ನಿಂತಿತು. ಮರುಕ್ಷಣ ರಾಶಿ ಬಾಯಿ ತೆರೆದು ಅದನ್ನು ನುಂಗಿತು! ಆ ತೂತಿನಿಂದ ಹೊಗೆ ಎದ್ದಿತು, ಅದರ ತಳದಲ್ಲಿ ಕೆಂಡದ ಬೆಳಕು.

ಬಾಗಿಲು ಬಡಿದು ಮುಚ್ಚಿ ಅವಳನ್ನು ಎಳೆದುಕೊಂಡೇ ಓಡಿದ.

ಅಗ್ನಿಶಾಮಕದವರು ಬಂದು ಸೂರು ಕಿತ್ತು ನೀರು ಬಿಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಕೋಣೆಯಲ್ಲಿ ಕಪ್ಪು ಕೆಸರಷ್ಟೇ ಉಳಿದಿತ್ತು.

"ನೆನೆದ ಹೊಟ್ಟು ಒಳಗೊಳಗೇ ಕಾಯುತ್ತೆ, ಹೊರಗೆ ಸುಳಿವೇ ಕೊಡಲ್ಲ" ಎಂದರು ಅವರ ಮುಖ್ಯಸ್ಥರು. "ನಡುವೆಲ್ಲಾ ಉರಿದು ಟೊಳ್ಳಾಗಿತ್ತು. ಕಾಲಿಟ್ಟಿದ್ರೆ ನೇರ ಕೆಂಡಕ್ಕೇ ಇಳೀತಿದ್ರಿ."

ಅವಳು ದಿಮ್ಮಿಯೊಂದರ ಮೇಲೆ ಕುಸಿದು ಕೂತಳು. ಅವನು ಪಕ್ಕದಲ್ಲಿ ಕೂತ.

"ನಿಮ್ಮನ್ನ ಸುಳ್ಳುಗಾರ ಅಂದೆ..." ಅವಳ ದನಿ ಒಡೆಯಿತು. "ನಾನು ಕೂಗಬೇಡಿ ಅಂದು, ನೀವು ಇನ್ನೆಂದೂ ಕೂಗದೇ ಇರೋ ಹಾಗೆ ಆಗಿಬಿಟ್ಟಿದ್ರೆ..."

"ಓಡಿ ಬಂದ್ರಲ್ಲ. ಅಷ್ಟು ಸಾಕು."

"ಥರ್ಮಾಮೀಟರ್ ಆ ಗೋಡೆ ಮೇಲೆ ಇಲ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ನೆರಳಿಗೆ ಅಂತ ಹಾಕಿದ್ದು ಒಳ್ಳೇದಾಯ್ತು."

ಅವನು ತಲೆ ತಗ್ಗಿಸಿದ.

"ಅಳತೇಲಿ ಸುಳ್ಳು ಹೇಳಲ್ಲ ಅಂದೆ ಅಲ್ವಾ... ಆ ನೆರಳಿನ ಮಾತೊಂದು ಮಾತ್ರ ಸುಳ್ಳು. ಕಂಬದ ಹತ್ರ ನಿಂತ್ರೆ ನಿಮ್ಮ ಕಿಟಕಿ ಕಾಣ್ತಿರಲಿಲ್ಲ."

ಅವಳು ಅಳುತ್ತಲೇ ನಕ್ಕಳು. ಆಗಲೇ ಗಮನಿಸಿದ್ದು, ಅವಳ ಕಾಲಿಗೆ ಕೇಸರಿ ದಾರ ಸುತ್ತಿಕೊಂಡಿತ್ತು. ಮೆಟ್ಟಿಲಿಳಿದು, ಬೀದಿ ದಾಟಿ, ಗೇಟು ಹಾದು ಇಲ್ಲಿಯವರೆಗೂ ಅದು ಬಿಚ್ಚಿಕೊಂಡು ಬಂದಿತ್ತು. ಅದನ್ನು ಉಂಡೆ ಸುತ್ತಿಕೊಳ್ಳುತ್ತ ಗೊಣಗುತ್ತ ಅತ್ತೆ ಬರುತ್ತಿದ್ದರು. ಇವರಿಬ್ಬರನ್ನು ನೋಡಿದವರೇ, ಉಂಡೆಯನ್ನು ಮೆಲ್ಲಗೆ ಕೆಳಗಿಟ್ಟು ತಿರುಗಿ ಹೋದರು.

"ಎಲ್ಲಾ ಬಿಚ್ಚಿಬಿಟ್ರಾ?" ಅವನು ಕೇಳಿದ.

"ಮತ್ತೆ ಹೆಣೀತೀನಿ. ಅದೇ ಬಣ್ಣ, ಅದೇ ಸಾಲು."

"ಮಗು ದೊಡ್ಡದಾಗಿ, ಚಳಿಗಾಲದಲ್ಲಿ ಇದ್ಯಾಕೆ ಕೇಸರಿ ಅಂತ ಕೇಳಿದ್ರೆ?"

ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಅವನತ್ತ ನೋಡಲಿಲ್ಲ.

"ಹೋಗಿ ನಿನ್ನ ಚಿಕ್ಕಪ್ಪನ್ನ ಕೇಳು ಅಂತೀನಿ."

ಅವನು ಬೆರಳು ಮಡಿಸಿ ಎಣಿಸಿದ. ಅಕ್ಕನ ಮಗಳು... ಅವಳ ಚಿಕ್ಕಮ್ಮ ಇವಳು... ಹಾಗಾದರೆ ಚಿಕ್ಕಪ್ಪ...

"ನಾನು ಲೆಕ್ಕ ಹಾಕಿದ್ದು... ಸರಿ ಇದೆಯಾ?" ಅವನು ಮೆಲ್ಲಗೆ ಕೇಳಿದ.

"ನೀವು ಅಳತೆ ತಪ್ಪೋದಿಲ್ಲ ಅಲ್ವಾ?" ಎಂದಳು ಅವಳು, ಮತ್ತು ಅವನ ಅಂಗೈಯಲ್ಲಿ ತನ್ನ ಕೈಯಿಟ್ಟಳು.